ಊರು ಬಿಟ್ಟು ಗೋಲು ಹೊಡೆಯುವವರು

ಶಿವಾಜಿನಗರದಿಂದ ಹಲಸೂರಿಗೆ ಹೆಚ್ಚು ದೂರವಿಲ್ಲ. ಅಲ್ಲಿನ ಗೌತಮಪುರದಲ್ಲಿ ಬುದ್ಧ, ಅಂಬೇಡ್ಕರ್, ಮದರ್ ತೆರೇಸಾ ಅವರ ಸಾಲಿನಲ್ಲೇ ಪೆಲೆಯ ಪ್ರತಿಮೆಯೂ ಇದೆ. ವಿಶ್ವಕಪ್ ಬಂತೆಂದರೆ ಅಲ್ಲಿನ ಓಣಿಗಳು ಹಳದಿ–ಹಸಿರಾಗುತ್ತವೆ. ಗೋಡೆಗೆ ಬಣ್ಣ, ಮಹಡಿಯಿಂದ ಮಹಡಿಗೆ ಬ್ರೆಜಿಲ್ ಬಾವುಟ, ರಾತ್ರಿಯಿಡೀ ರಸ್ತೆಯಲ್ಲೇ ಟಿ.ವಿ. ಪತ್ರಿಕೆಯವರು ಆ ಬಡಾವಣೆಗೆ ‘ಮಿನಿ ಬ್ರೆಜಿಲ್’ ಎಂದು ಹೆಸರಿಟ್ಟು ಎಷ್ಟೋ ಕಾಲವಾಯಿತು. 2022ರ ಡಿಸೆಂಬರ್ 29ರಂದು ಸಾವ್ ಪಾವ್ಲೊದಲ್ಲಿ ಪೆಲೆ ತೀರಿಕೊಂಡಾಗ ಗೌತಮಪುರ ತನ್ನ ಮನೆಯವರನ್ನೇ ಕಳೆದುಕೊಂಡಂತೆ ದುಃಖಪಟ್ಟಿತು.

ಈ ಪ್ರೀತಿಯ ಬಗ್ಗೆ ನನಗೆ ತುಂಬು ಗೌರವವಿದೆ. ಆದರೆ ನಾವು ಪ್ರತಿಮೆ ಕಟ್ಟಿ ಆರಾಧಿಸುವ ಬ್ರೆಜಿಲ್ ಬೇರೆ, ನಮ್ಮ ಊರಿಗೆ ಆಡಲು ಬರುವ ಬ್ರೆಜಿಲ್ ಬೇರೆ. ಪೆಲೆ, ರೊನಾಲ್ಡೊ, ನೇಮಾರ್ ಹೆಸರು ಕೇಳದವರು ಶಿವಾಜಿನಗರದಲ್ಲಿ ಸಿಗಲಾರರು. ಕ್ರಿಸ್ಟಿಯಾನೊ ಜೂನಿಯರ್ ಯಾರು ಎಂದು ಕೇಳಿ ನೋಡಿ. ಈ ಊರಿನ ಮೈದಾನದಲ್ಲೇ ಪ್ರಾಣ ಬಿಟ್ಟ ಬ್ರೆಜಿಲ್‌ನ ಸ್ಟ್ರೈಕರ್ ಆತ. ಕ್ಲೇಟನ್ ಸಿಲ್ವ ಯಾರು ಎಂದರೆ ಇಂದಿನ ಹುಡುಗರು ಹೇಳಿಯಾರು. ಆದರೆ ಆತ ಬೆಂಗಳೂರಿನ ಅಂಗಿ ತೊಟ್ಟು ಎರಡು ವರ್ಷ ಆಡಿದರೂ ಲೀಗ್‌ನ ಒಂದು ಪಂದ್ಯವನ್ನೂ ಬೆಂಗಳೂರಿನಲ್ಲಿ ಆಡಲಿಲ್ಲ ಎಂಬುದು ಅವರಿಗೂ ನೆನಪಿರಲಿಕ್ಕಿಲ್ಲ. ದೇಶದಿಂದ ದೇಶಕ್ಕೆ, ಕ್ಲಬ್ಬಿನಿಂದ ಕ್ಲಬ್ಬಿಗೆ ಹೊಟ್ಟೆಪಾಡಿಗಾಗಿ ತಿರುಗುವ ಇಂಥ ಗೋಲುಗಾರರ ಬದುಕು ಹೇಗಿರುತ್ತದೆ, ಅವರು ನಮಗೆ ಏನು ಕೊಡುತ್ತಾರೆ, ನಾವು ಅವರಿಗೆ ಏನು ಕೊಡಬೇಕು? ದಂಡು ಪ್ರದೇಶದ ಫುಟ್‌ಬಾಲನ್ನು ಬಲ್ಲವರು ಈ ಪ್ರಶ್ನೆಯನ್ನು ಕೇಳಿಕೊಳ್ಳಲೇಬೇಕು.

ಅವರೆಲ್ಲ ಎಲ್ಲಿಂದ ಬರುತ್ತಾರೆ ಎಂಬುದನ್ನು ಮೊದಲು ನೋಡೋಣ. ಬ್ರೆಜಿಲ್ ಎಂದರೆ ಕೋಟಿಗಟ್ಟಲೆ ಸಂಬಳದ ಆಟಗಾರರ ನಾಡು ಎಂಬುದು ದೂರದಿಂದ ಕಾಣುವ ಚಿತ್ರ. ಆ ದೇಶದ ಫುಟ್‌ಬಾಲ್ ಒಕ್ಕೂಟವೇ 2016ರಲ್ಲಿ ಪ್ರಕಟಿಸಿದ ಲೆಕ್ಕದ ಪ್ರಕಾರ ನೋಂದಾಯಿತ ವೃತ್ತಿಪರ ಆಟಗಾರರು 28 ಸಾವಿರಕ್ಕೂ ಹೆಚ್ಚು. ಅವರಲ್ಲಿ ಶೇ 82ರಷ್ಟು ಮಂದಿಗೆ ತಿಂಗಳಿಗೆ 1,000 ರಿಯಾಲ್‌ಗಿಂತ ಹೆಚ್ಚು ಸಂಬಳವಿರಲಿಲ್ಲ. ಆಗ ಅಲ್ಲಿನ ಕನಿಷ್ಠ ಕೂಲಿಗೂ ಇದಕ್ಕೂ ಹೆಚ್ಚು ಅಂತರವಿರಲಿಲ್ಲ. ಸಣ್ಣ ಕ್ಲಬ್ಬುಗಳ ಸ್ಥಿತಿ ಇನ್ನೂ ಕಷ್ಟ. ವರ್ಷದ ಮೊದಲ ಕೆಲವು ತಿಂಗಳು ರಾಜ್ಯಮಟ್ಟದ ಟೂರ್ನಿಗಳು ನಡೆಯುತ್ತವೆ. ಅವು ಮುಗಿದ ಮೇಲೆ ರಾಷ್ಟ್ರೀಯ ಲೀಗ್‌ನ ಯಾವ ಹಂತದಲ್ಲೂ ಸ್ಥಾನವಿಲ್ಲದ ಕ್ಲಬ್ಬುಗಳಿಗೆ ಆಡಲು ಪಂದ್ಯಗಳೇ ಇರುವುದಿಲ್ಲ. ಪಂದ್ಯವಿಲ್ಲದ ಮೇಲೆ ಆಟಗಾರನಿಗೆ ಸಂಬಳ ಎಲ್ಲಿಂದ ಬರಬೇಕು? ಮಳೆ ಕೈಕೊಟ್ಟಾಗ ರಾಯಚೂರು, ಕಲಬುರಗಿ ಕಡೆಯ ಕುಟುಂಬಗಳು ಬೆಂಗಳೂರಿಗೆ ಗುಳೆ ಬರುತ್ತವಲ್ಲ, ಹಾಗೆ ಈ ಆಟಗಾರರೂ ಥಾಯ್ಲೆಂಡ್, ಮಲೇಷ್ಯಾ, ಮಾಲ್ಟಾ, ವಿಯೆಟ್ನಾಂ, ಭಾರತ ಎಂದು ಹೊರಡುತ್ತಾರೆ. ಸ್ವಿಟ್ಜರ್ಲೆಂಡಿನ ಸಿಐಇಎಸ್ ಸಂಸ್ಥೆ ವರ್ಷವರ್ಷವೂ ತೆಗೆಯುವ ಲೆಕ್ಕದಲ್ಲಿ ಹೊರದೇಶಗಳಲ್ಲಿ ಆಡುವ ಬ್ರೆಜಿಲಿಯನ್ನರ ಸಂಖ್ಯೆ ಸಾವಿರವನ್ನು ದಾಟುತ್ತದೆ. ಆಟಗಾರರನ್ನು ಹೊರಗೆ ಕಳಿಸುವುದರಲ್ಲಿ ಅದೇ ಮೊದಲ ದೇಶ.

ಇಲ್ಲಿ ಪೆಲೆಯ ಪಾತ್ರವೂ ಇದೆ, ಗೌತಮಪುರದ ಅಭಿಮಾನಿಗಳು ಇದನ್ನು ತಿಳಿದಿರಬೇಕು. ಹಿಂದೆ ಬ್ರೆಜಿಲ್‌ನಲ್ಲಿ ಒಪ್ಪಂದದ ಅವಧಿ ಮುಗಿದ ಮೇಲೂ ಆಟಗಾರನ ‘ಪಾಸಿ’ ಕ್ಲಬ್ಬಿನ ಕೈಯಲ್ಲೇ ಇರುತ್ತಿತ್ತು. ಕ್ಲಬ್ಬು ಒಪ್ಪದೆ ಆತ ಬೇರೆಡೆ ಆಡುವಂತಿರಲಿಲ್ಲ. ಹೆಚ್ಚು ಕಡಿಮೆ ಜೀತವೇ. ಪೆಲೆ 1995ರಿಂದ 1998ರವರೆಗೆ ಅಲ್ಲಿನ ಕ್ರೀಡಾ ಸಚಿವರಾಗಿದ್ದರು. ಅವರ ಹೆಸರಿನಿಂದಲೇ ಕರೆಯಲಾಗುವ 1998ರ ಕಾಯ್ದೆ ಈ ಪದ್ಧತಿಯನ್ನು ರದ್ದು ಮಾಡಿತು, 2001ರಲ್ಲಿ ಅದು ಪೂರ್ತಿ ಜಾರಿಗೆ ಬಂತು. ಒಪ್ಪಂದ ಮುಗಿದೊಡನೆ ಆಟಗಾರ ಸ್ವತಂತ್ರ. ಇದರಿಂದ ಕ್ಲಬ್ಬುಗಳು ಬಡವಾದವು, ದಲ್ಲಾಳಿಗಳು ಕೊಬ್ಬಿದರು ಎಂದು ದೂರುವವರು ಅಲ್ಲಿ ಇಂದಿಗೂ ಇದ್ದಾರೆ. ದೂರಿನಲ್ಲಿ ಸತ್ಯಾಂಶ ಇರಬಹುದು. ಆದರೂ ಸಾಮಾನ್ಯ ಆಟಗಾರನೊಬ್ಬ ತನ್ನ ಕಾಲನ್ನು ನಂಬಿಕೊಂಡು ತನಗೆ ಬೇಕಾದ ದೇಶಕ್ಕೆ ಹೋಗುವ ಹಕ್ಕು ಪಡೆದದ್ದು ಆ ಕಾಯ್ದೆಯಿಂದ. ಪೆಲೆ ಹೊಡೆದ ಸಾವಿರ ಗೋಲಿಗಿಂತ ಇದು ದೊಡ್ಡ ಕೆಲಸ ಎಂದು ನಾನು ನಂಬುತ್ತೇನೆ.

ಇನ್ನು ನಮ್ಮ ಕಡೆಗೆ ಬರೋಣ. ಬ್ರೆಜಿಲಿಯನ್ನರು ಭಾರತಕ್ಕೆ ಬರುವುದಕ್ಕೆ ಅರ್ಧ ಶತಮಾನ ಮೊದಲೇ ಬೆಂಗಳೂರು ದಂಡಿನ ಹುಡುಗರು ಇದೇ ಕಸುಬು ಹಿಡಿದು ಊರು ಬಿಟ್ಟಿದ್ದರು. ಬ್ರಿಟಿಷ್ ಪಲ್ಟಣಗಳ ಆಟವನ್ನು ನೋಡಿ ಬರಿಗಾಲಲ್ಲಿ ಕಲಿತವರು ಅವರು. 1937ರಲ್ಲಿ ಬೆಂಗಳೂರು ಮುಸ್ಲಿಮ್ಸ್ ತಂಡ ಮುಂಬೈಗೆ ಹೋಗಿ ರೋವರ್ಸ್ ಕಪ್ ಗೆದ್ದಿತು. 1891ರಲ್ಲಿ ಶುರುವಾದ ಆ ಟೂರ್ನಿಯಲ್ಲಿ ಅಲ್ಲಿಯವರೆಗೆ ಸೇನಾ ತಂಡಗಳದ್ದೇ ಕಾರುಬಾರು. 1938ರಲ್ಲೂ ಕಪ್ ಬೆಂಗಳೂರಿಗೇ ಬಂತು. ಈ ಗೆಲುವುಗಳ ನಂತರ ಕೋಲ್ಕತ್ತದ ದೊಡ್ಡ ಕ್ಲಬ್ಬುಗಳು ನಮ್ಮ ಬೀದಿಗಳ ಮೇಲೆ ಕಣ್ಣಿಟ್ಟವು.

ಅಹ್ಮದ್ ಖಾನ್ ಇಲ್ಲಿಂದ ಹೋಗಿ ಈಸ್ಟ್ ಬೆಂಗಾಲ್ ಸೇರಿದರು. ವೆಂಕಟೇಶ್, ಅಪ್ಪಾರಾವ್, ಧನರಾಜ್, ಸಾಲೇ ಜೊತೆ ಸೇರಿ ‘ಪಂಚ ಪಾಂಡವರು’ ಎನಿಸಿಕೊಂಡ ಮುಂಚೂಣಿಯಲ್ಲಿ ಅವರೊಬ್ಬರು. 1948 ಮತ್ತು 1952ರ ಒಲಿಂಪಿಕ್ಸ್ ಆಡಿದರು, 1951ರ ಏಷ್ಯನ್ ಗೇಮ್ಸ್ ಚಿನ್ನ ಗೆದ್ದರು, 2017ರಲ್ಲಿ ಕಣ್ಣುಮುಚ್ಚಿದರು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಭಾರತ 1–2ರಿಂದ ಸೋತ ಪಂದ್ಯದ ಏಕೈಕ ಗೋಲು ಬೆಂಗಳೂರಿನ ಸಾರಂಗಪಾಣಿ ರಾಮನ್ ಅವರದು. ಅವರೂ ಮೋಹನ್ ಬಾಗಾನ್ ಪರ ಆಡಿದವರೇ. ನಂತರ ಮಿಡ್‌ಫೀಲ್ಡ್‌ನ ಕೆಂಪಯ್ಯ ಹೋದರು. ಕೋಲ್ಕತ್ತದವರು ‘ಬೇಬಿ ಟ್ಯಾಕ್ಸಿ’ ಎಂದು ಕರೆದ ಅರುಮೈನಾಯಗಂ ಹೋದರು, 1962ರ ಜಕಾರ್ತ ಏಷ್ಯಾಡ್ ಚಿನ್ನದ ತಂಡದಲ್ಲಿದ್ದರು. ಜರ್ಮನ್ ತರಬೇತುದಾರ ಡೆಟ್ಮಾರ್ ಕ್ರಾಮರ್ ಅವರಿಂದ ‘ಏಷ್ಯಾದ ಪೆಲೆ’ ಎನಿಸಿಕೊಂಡ ಪೂಂಗಂ ಕಣ್ಣನ್ ಹೋದರು. 2020ರ ಏಪ್ರಿಲ್‌ನಲ್ಲಿ, ಲಾಕ್‌ಡೌನ್ ನಡುವೆ, ಅವರು ಕೋಲ್ಕತ್ತದಲ್ಲೇ ತೀರಿಕೊಂಡರು. ಆಮೇಲೆ ಬಾಬು ಮಣಿ, ಆಸ್ಟಿನ್ ಟೌನ್‌ನ ಕಾರ್ಲ್‌ಟನ್ ಚಾಪ್‌ಮನ್.

ಇವರ ಬದುಕನ್ನು ಬ್ರೆಜಿಲ್‌ನ ಅಲೆಮಾರಿ ಆಟಗಾರನ ಬದುಕಿನ ಪಕ್ಕದಲ್ಲಿಟ್ಟರೆ ಒಂದರ ಪಡಿಯಚ್ಚು ಇನ್ನೊಂದು. ಸಣ್ಣ ಮನೆ, ದೊಡ್ಡ ಕುಟುಂಬ, ಇಲ್ಲಿ ಆಡಿದರೆ ಐಟಿಐ, ಎಚ್ಎಎಲ್‌ನಂಥ ಕಾರ್ಖಾನೆಯ ತಂಡದಲ್ಲಿ ನೌಕರಿ, ಹೊರಗೆ ಹೋದರೆ ಒಂದಷ್ಟು ಹೆಸರು, ಹಣ. ಭಾಷೆ ಬಾರದ ಊರು, ಗೋಲು ಹೊಡೆದ ದಿನ ಹೆಗಲ ಮೇಲೆ ಮೆರವಣಿಗೆ, ಮುಂದಿನ ವರ್ಷ ಮಂಡಿ ನೋವು. ಹಾಗಾಗಿ ಬ್ರೆಜಿಲಿಯನ್ ಆಟಗಾರನನ್ನು ‘ಹಣಕ್ಕಾಗಿ ಬಂದವ’ ಎಂದು ಹೀಗಳೆಯುವ ಮಾತು ಬೆಂಗಳೂರಿನ ಬಾಯಲ್ಲಿ ಬರಬಾರದು. ನಮ್ಮವರೂ ಹಣಕ್ಕಾಗಿಯೇ ಹೋದರು. ದುಡಿಮೆಗೆ ಬೆಲೆ ಕೇಳುವುದರಲ್ಲಿ ಯಾವ ತಪ್ಪೂ ಇಲ್ಲ.

ಭಾರತದ ಮಟ್ಟಿಗೆ ಬ್ರೆಜಿಲ್‌ನವರ ಮೇಲೆ ನಂಬಿಕೆ ಹುಟ್ಟಿಸಿದವರು ಪೋರ್ಟೊ ಅಲೆಗ್ರಿಯ ಹೊಸೆ ರಮಿರೆಜ್ ಬರೆಟೊ. 1999ರಲ್ಲಿ ಮೋಹನ್ ಬಾಗಾನ್‌ಗೆ ಬಂದವರು, ನಡುವೆ ಮಲೇಷ್ಯಾ, ಮುಂಬೈಯ ಮಹೀಂದ್ರ ಯುನೈಟೆಡ್ ಸುತ್ತಿ ಬಂದು 2012ರವರೆಗೂ ಅಲ್ಲೇ ಆಡಿದರು. ಅವರ ಯಶಸ್ಸನ್ನು ನೋಡಿ ಕೋಲ್ಕತ್ತ, ಗೋವಾದ ಕ್ಲಬ್ಬುಗಳು ಬ್ರೆಜಿಲ್‌ನತ್ತ ಮುಖ ಮಾಡಿದವು. ಆ ಅಲೆಯಲ್ಲಿ ಬಂದವರಲ್ಲಿ ಕ್ರಿಸ್ಟಿಯಾನೊ ಸೆಬಾಸ್ಟಿಯಾವ್ ಡಿ ಲಿಮಾ ಜೂನಿಯರ್ ಒಬ್ಬರು. 2003–04ರಲ್ಲಿ ಈಸ್ಟ್ ಬೆಂಗಾಲ್ ರಾಷ್ಟ್ರೀಯ ಲೀಗ್ ಗೆದ್ದಾಗ ಅದರ ಮುಂಚೂಣಿಯಲ್ಲಿ ಗೋಲುಗಳ ಸುರಿಮಳೆ ಸುರಿಸಿದವರು. ಮುಂದಿನ ವರ್ಷ ಗೋವಾದ ಡೆಂಪೊ ಅವರನ್ನು ಸೆಳೆದುಕೊಂಡಿತು.

2004ರ ಡಿಸೆಂಬರ್ 5, ಭಾನುವಾರ. ಬೆಂಗಳೂರಿನ ಶ್ರೀ ಕಂಠೀರವ ಕ್ರೀಡಾಂಗಣದಲ್ಲಿ ಫೆಡರೇಷನ್ ಕಪ್ ಫೈನಲ್, ಡೆಂಪೊ ಎದುರು ಮೋಹನ್ ಬಾಗಾನ್. ಜೂನಿಯರ್ ಒಂದು ಗೋಲು ಹೊಡೆದಾಗಿತ್ತು. ಎರಡನೆಯದಕ್ಕೆ ಚೆಂಡಿನ ಹಿಂದೆ ಓಡಿದರು, ಎದುರಿನಿಂದ ಗೋಲ್‌ಕೀಪರ್ ಸುಬ್ರತಾ ಪಾಲ್ ನುಗ್ಗಿ ಬಂದರು. ಚೆಂಡು ಬಲೆ ಸೇರಿತು, ಇಬ್ಬರೂ ಡಿಕ್ಕಿ ಹೊಡೆದರು. ಜೂನಿಯರ್ ಬಿದ್ದರು. ಗೋಲಿನ ಸಂಭ್ರಮಕ್ಕೆ ಓಡಿ ಬಂದ ಜೊತೆಗಾರರಿಗೆ ಏನೋ ಆಗಿದೆ ಎಂಬುದು ಹೊಳೆಯಿತು. ಮೈದಾನದ ಮೇಲೆಯೇ ಉಸಿರು ತುಂಬಲು ಯತ್ನಿಸಿದರು. ಆಸ್ಪತ್ರೆಗೆ ಒಯ್ದರೂ ಜೀವ ಉಳಿಯಲಿಲ್ಲ. ವಯಸ್ಸು 25. ಡೆಂಪೊ 2–0ಯಿಂದ ಕಪ್ ಗೆದ್ದಿತು. ಎರಡೂ ಗೋಲು ಸತ್ತವನದೇ.

ಸುಬ್ರತಾ ಪಾಲ್ ಆಗ ಹದಿಹರೆಯದ ಹುಡುಗ. ಅಖಿಲ ಭಾರತ ಫುಟ್‌ಬಾಲ್ ಒಕ್ಕೂಟ ಅವರನ್ನು ಕೆಲ ಕಾಲ ಅಮಾನತಿನಲ್ಲಿಟ್ಟಿತು. ಮುಂದೆ ಅವರು ಭಾರತದ ನಂಬಿಕೆಯ ಗೋಲ್‌ಕೀಪರ್ ಆಗಿ ಬೆಳೆದರು. ಆ ಡಿಕ್ಕಿಯ ಭಾರವನ್ನು ಬಹುಕಾಲ ಹೊತ್ತು ನಡೆದವರು ಅವರು. ಒಬ್ಬನನ್ನು ಬೆರಳು ಮಾಡಿ ತೋರಿಸಿದರೆ ಈ ಪ್ರಶ್ನೆ ಮುಗಿಯುವುದಿಲ್ಲ. ರಾಷ್ಟ್ರಮಟ್ಟದ ಫೈನಲ್ ನಡೆಯುವ ಮೈದಾನದ ಅಂಚಿನಲ್ಲಿ ಆ ಕ್ಷಣಕ್ಕೆ ಬೇಕಾದ ವೈದ್ಯಕೀಯ ಏರ್ಪಾಡು ಇತ್ತೇ ಎಂಬ ಪ್ರಶ್ನೆ ಆಗ ದೇಶದಾದ್ಯಂತ ಎದ್ದಿತು. ಡೆಂಪೊ ತನ್ನ 10ನೇ ಸಂಖ್ಯೆಯ ಅಂಗಿಯನ್ನು ಜೂನಿಯರ್ ನೆನಪಿಗೆ ಎತ್ತಿಟ್ಟಿತು. ಅದೇ ಋತುವಿನಲ್ಲಿ ರಾಷ್ಟ್ರೀಯ ಲೀಗ್ ಗೆದ್ದಿತು. ಗೋವಾ ಅಷ್ಟನ್ನಾದರೂ ಮಾಡಿತು. ಸಾವು ಸಂಭವಿಸಿದ ಊರಾದ ನಮಗೂ ಒಂದು ಋಣವಿದೆ.

ಆ ಋಣ ತೀರಿತೇ? ಏಳು ವರ್ಷಗಳ ನಂತರ, 2012ರ ಮಾರ್ಚ್ 21ರಂದು, ಬೆಂಗಳೂರಿನ ‘ಎ’ ಡಿವಿಷನ್ ಲೀಗ್‌ನಲ್ಲಿ ಸೌತ್ ವೆಸ್ಟರ್ನ್ ರೈಲ್ವೆ ವಿರುದ್ಧ ಆಡುತ್ತಿದ್ದ ಬೆಂಗಳೂರು ಮಾರ್ಸ್ ತಂಡದ ಡಿ. ವೆಂಕಟೇಶ್ ಮೈದಾನದಲ್ಲೇ ಕುಸಿದರು. ಆಂಬುಲೆನ್ಸ್ ಇರಲಿಲ್ಲ. ಆಟೊರಿಕ್ಷಾದಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಓಡಿದರು. ವೆಂಕಟೇಶ್ ಉಳಿಯಲಿಲ್ಲ. ಬ್ರೆಜಿಲ್‌ನಿಂದ ಬಂದವನಿಗೂ ನಮ್ಮ ನೆಲದ ಹುಡುಗನಿಗೂ ಈ ಊರು ಒಂದೇ ನ್ಯಾಯ ಮಾಡಿತು. ಇದನ್ನು ಬರೆಯುವಾಗ ನನಗೆ ಸಂಕಟವಾಗುತ್ತದೆ.

ಮುಂದಿನ ಕಾಲ ಬೇರೆಯದು. 2013ರಲ್ಲಿ ಬೆಂಗಳೂರು ಎಫ್‌ಸಿ ಹುಟ್ಟಿತು. ಮೊದಲ ಋತುವನ್ನು ಅಶೋಕನಗರದ ಫುಟ್‌ಬಾಲ್ ಕ್ರೀಡಾಂಗಣದಲ್ಲಿ ಆಡಿ, ಆಮೇಲೆ ಕಂಠೀರವಕ್ಕೆ ಹೋಯಿತು. 2017ರಲ್ಲಿ ಇಂಡಿಯನ್ ಸೂಪರ್ ಲೀಗ್ (ಐಎಸ್ಎಲ್) ಸೇರಿತು. ಮಿಡ್‌ಫೀಲ್ಡ್‌ಗೆ ರಾಫೆಲ್ ಆಗಸ್ಟೊ, ರಕ್ಷಣೆಗೆ ಅಲನ್ ಕೋಸ್ಟಾ, ಹೀಗೆ ಒಬ್ಬೊಬ್ಬರಾಗಿ ಬ್ರೆಜಿಲಿಯನ್ನರು ಬಂದರು. ಅವರಲ್ಲಿ ಈ ಲೇಖನಕ್ಕೆ ಮುಖ್ಯರಾದವರು ಕ್ಲೇಟನ್ ಸಿಲ್ವ.

1987ರಲ್ಲಿ ಹುಟ್ಟಿದ ಕ್ಲೇಟನ್ ತಮ್ಮ ಆಟದ ಬಹುಪಾಲು ವರ್ಷಗಳನ್ನು ಕಳೆದದ್ದು ಥಾಯ್ಲೆಂಡಿನಲ್ಲಿ. ಒಸೋತ್ಸಪಾ, ಬಿಇಸಿ ತೇರೊ, ಮುವಾಂಗ್‌ಥೋಂಗ್, ಚಿಯಾಂಗ್‌ರಾಯ್, ಸುಫನ್‌ಬುರಿ ಎಂದು ಕ್ಲಬ್ಬಿನಿಂದ ಕ್ಲಬ್ಬಿಗೆ ನಡೆದರು, ನಡುವೆ ಚೀನಾಕ್ಕೂ ಹೋಗಿ ಬಂದರು. ಥಾಯ್ ಲೀಗ್‌ನಲ್ಲಿ ನೂರು ಗೋಲು ಹೊಡೆದ ಮೊದಲ ವಿದೇಶಿ ಎಂಬ ಹೆಸರು ಅವರದು. ಬ್ರೆಜಿಲ್‌ನ ರಾಷ್ಟ್ರೀಯ ತಂಡದ ಹತ್ತಿರವೂ ಸುಳಿಯದ, ಯುರೋಪಿನ ದೊಡ್ಡ ಕ್ಲಬ್ಬಿನ ಬಾಗಿಲು ಕಾಣದ ಆಟಗಾರನೊಬ್ಬ ಇನ್ನೊಂದು ದೇಶದಲ್ಲಿ ಶತಕ ಬಾರಿಸಬೇಕಾದರೆ ಎಷ್ಟು ಶಿಸ್ತು ಬೇಕು ಯೋಚಿಸಿ. 2020ರಲ್ಲಿ, 33ರ ವಯಸ್ಸಿನಲ್ಲಿ, ಕಾರ್ಲೆಸ್ ಕ್ವಾದ್ರಾತ್ ತರಬೇತುದಾರರಾಗಿದ್ದ ಬೆಂಗಳೂರು ತಂಡಕ್ಕೆ ಅವರು ಬಂದರು.

ಬಂದದ್ದು ಬೆಂಗಳೂರು ತಂಡಕ್ಕೆ, ಬೆಂಗಳೂರಿಗಲ್ಲ. ಕೋವಿಡ್ ಕಾರಣಕ್ಕೆ 2020–21 ಮತ್ತು 2021–22ರ ಐಎಸ್ಎಲ್ ಪಂದ್ಯಗಳೆಲ್ಲ ಗೋವಾದ ಮೂರು ಮೈದಾನಗಳಲ್ಲಿ, ಬಹುಪಾಲು ಖಾಲಿ ಕುರ್ಚಿಗಳ ಮುಂದೆಯೇ ನಡೆದವು. ಹೋಟೆಲ್, ಬಸ್ಸು, ಮೈದಾನ, ಮತ್ತೆ ಹೋಟೆಲ್. ಕಂಠೀರವದ ಪಶ್ಚಿಮ ಗ್ಯಾಲರಿಯಲ್ಲಿ ಡೋಲು ಬಡಿಯುವ ವೆಸ್ಟ್ ಬ್ಲಾಕ್ ಬ್ಲೂಸ್ ಹುಡುಗರು ಟಿ.ವಿ. ಮುಂದೆ ಕೂತಿದ್ದರು. ಕ್ಲೇಟನ್ ಎರಡು ಋತುಗಳಲ್ಲಿ ಲೀಗ್‌ನ 16 ಗೋಲು ಹೊಡೆದರು. ತಂಡ ಏಳನೆಯ, ಆರನೆಯ ಸ್ಥಾನಕ್ಕೆ ಸುಸ್ತಾಗಿ ಕೂತಿತು. ಒಪ್ಪಂದ ಮುಗಿಯಿತು, ಅವರು ಈಸ್ಟ್ ಬೆಂಗಾಲ್ ಸೇರಿದರು.

2022ರ ನವೆಂಬರ್ 11ರಂದು ಅವರು ಕಂಠೀರವಕ್ಕೆ ಬಂದರು, ಕೆಂಪು–ಹಳದಿ ಅಂಗಿಯಲ್ಲಿ. ಪಂದ್ಯದ ಒಂದೇ ಒಂದು ಗೋಲು ಅವರದು, ಬೆಂಗಳೂರಿಗೆ 0–1 ಸೋಲು. ಎರಡು ವರ್ಷ ತಮ್ಮವನಾಗಿದ್ದವನ ಗೋಲನ್ನು ಬೆಂಗಳೂರಿನ ಪ್ರೇಕ್ಷಕರು ತಮ್ಮ ಮೈದಾನದಲ್ಲಿ ಕಣ್ಣಾರೆ ಕಂಡದ್ದು ಹೀಗೆ. ಅದೇ ಡಿಸೆಂಬರ್ 30ರಂದು, ಪೆಲೆಯ ಸಾವಿನ ಸುದ್ದಿ ಬಂದ ದಿನ, ಕೋಲ್ಕತ್ತದಲ್ಲಿ ಮತ್ತೆ ಎರಡು ಗೋಲು, ಗೆಲುವಿನದು ಇಂಜುರಿ ಟೈಮ್‌ನಲ್ಲಿ, ಮತ್ತೆ ಬೆಂಗಳೂರಿನ ವಿರುದ್ಧವೇ. ಆ ಋತುವಿನಲ್ಲಿ 12 ಗೋಲು. 2024ರ ಜನವರಿಯಲ್ಲಿ ಭುವನೇಶ್ವರದ ಸೂಪರ್ ಕಪ್ ಫೈನಲ್‌ನಲ್ಲಿ ಒಡಿಶಾ ವಿರುದ್ಧ ಹೆಚ್ಚುವರಿ ಸಮಯದಲ್ಲಿ ನಾಯಕ ಕ್ಲೇಟನ್ ಹೊಡೆದ ಗೋಲು ಈಸ್ಟ್ ಬೆಂಗಾಲ್‌ಗೆ ಹನ್ನೆರಡು ವರ್ಷಗಳ ನಂತರ ರಾಷ್ಟ್ರಮಟ್ಟದ ಕಪ್ ತಂದಿತು. ಆಗ ಅವರಿಗೆ 37 ತುಂಬಲು ಕೆಲವೇ ದಿನ ಬಾಕಿ. ಆ ತಂಡದ ತರಬೇತುದಾರರು ಅದೇ ಕ್ವಾದ್ರಾತ್. ಮೂವತ್ತು ದಾಟಿದ ಆಟಗಾರ ಮುಗಿದ ಎಂದು ಬೇಗ ತೀರ್ಪು ಕೊಡುವ ಅಭ್ಯಾಸ ನಮ್ಮ ಕ್ಲಬ್ಬುಗಳಿಗಿದೆ. ಕ್ಲೇಟನ್ ವಿಷಯದಲ್ಲಿ ಬೆಂಗಳೂರು ಅವಸರಪಟ್ಟಿತು ಎಂದೇ ನನ್ನ ಅಭಿಪ್ರಾಯ.

ಇನ್ನೊಂದು ಆಕ್ಷೇಪವನ್ನು ಬದಿಗೆ ಸರಿಸುವಂತಿಲ್ಲ. ವಿದೇಶಿ ಸ್ಟ್ರೈಕರ್‌ಗಳು ಬಂದು ನಮ್ಮ ಹುಡುಗರ ಜಾಗ ಕಸಿದರು ಎಂಬುದು ಅದು. ಅಂಕಿ ಅಂಶ ಆ ಮಾತಿನ ಪರವಾಗಿಯೇ ಇದೆ. 2014ರಿಂದ 2024–25ರವರೆಗಿನ ಹನ್ನೊಂದು ಐಎಸ್ಎಲ್ ಋತುಗಳಲ್ಲಿ ಅತಿ ಹೆಚ್ಚು ಗೋಲಿನ ಪ್ರಶಸ್ತಿ ಒಮ್ಮೆಯೂ ಭಾರತೀಯನಿಗೆ ಸಿಕ್ಕಿಲ್ಲ. ಎಲಾನೊ, ಮಾರ್ಸೆಲಿನ್ಯೊ, ಡಿಯೆಗೊ ಮೌರಿಸಿಯೊ ಎಂಬ ಮೂವರು ಬ್ರೆಜಿಲಿಯನ್ನರಿಗೆ ಸಿಕ್ಕಿದೆ. 2024–25ರಲ್ಲಿ ಭಾರತೀಯರ ಪೈಕಿ ಹೆಚ್ಚು ಗೋಲು ಹೊಡೆದವರು ನಲವತ್ತರ ಸುನಿಲ್ ಚೆಟ್ರಿ, 14 ಗೋಲು. ಅವರ ಹಿಂದೆ ಯಾರೂ ತಯಾರಾಗಿಲ್ಲ ಎಂಬುದು ಗಾಬರಿಯ ಸಂಗತಿ. 2021–22ರಿಂದ ಮೈದಾನದಲ್ಲಿ ಏಕಕಾಲಕ್ಕೆ ಇರಬಹುದಾದ ವಿದೇಶಿಯರ ಸಂಖ್ಯೆಯನ್ನು ಐದರಿಂದ ನಾಲ್ಕಕ್ಕೆ ಇಳಿಸಿದ್ದಾಯಿತು. ಆದರೂ ಕ್ಲಬ್ಬುಗಳು ಮೊದಲು ಕೊಳ್ಳುವುದು ಸ್ಟ್ರೈಕರನ್ನೇ.

ಆದರೆ ತಪ್ಪು ಎಲ್ಲಿದೆ? ಬ್ರೆಜಿಲ್‌ನವನು ತನ್ನ ಕೆಲಸ ಮಾಡುತ್ತಾನೆ. ನಮ್ಮ ಹುಡುಗರಿಗೆ ಆಡಲು ವರ್ಷವಿಡೀ ನಡೆಯುವ ವಯೋಮಿತಿ ಲೀಗ್‌ಗಳು, ಹುಲ್ಲಿರುವ ಮೈದಾನಗಳು ಕಡಿಮೆ. ದಂಡು ಪ್ರದೇಶದ ಎಷ್ಟೋ ಬಯಲುಗಳು ಕಟ್ಟಡಗಳಾಗಿವೆ. ಕಾರ್ಖಾನೆ ತಂಡಗಳು ಹುಡುಗರಿಗೆ ನೌಕರಿ ಕೊಡುತ್ತಿದ್ದ ಕಾಲ ಸೊರಗಿದೆ. ಆದರೂ 2023ರ ಮಾರ್ಚ್‌ನಲ್ಲಿ ರಿಯಾದ್‌ನಲ್ಲಿ ಮೇಘಾಲಯವನ್ನು 3–2ರಿಂದ ಸೋಲಿಸಿ ಕರ್ನಾಟಕ ಸಂತೋಷ್ ಟ್ರೋಫಿ ಗೆದ್ದಿತು. 1968–69ರಲ್ಲಿ ಮೈಸೂರು ಎಂಬ ಹೆಸರಿನಲ್ಲಿ ಗೆದ್ದ ಮೇಲೆ ಇದೇ ಮೊದಲು. ವಿದೇಶಿಯರಿಲ್ಲದ ಟೂರ್ನಿ ಅದು. ಪ್ರತಿಭೆಗೆ ಬರವಿಲ್ಲ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ. ವಿದೇಶಿಯನ್ನು ದೂರುವ ಬದಲು ಅವನಿಂದ ಕಲಿಯುವ ಏರ್ಪಾಡು ಮಾಡಬೇಕು. ಪೆನಾಲ್ಟಿ ಆವರಣದೊಳಗೆ ಎರಡು ಹೆಜ್ಜೆಯ ಜಾಗ ಹುಡುಕುವ ಕಲೆ ಟಿ.ವಿ. ನೋಡಿ ಬರುವುದಿಲ್ಲ. ವಾರಕ್ಕೊಮ್ಮೆ ಅಂಥ ಆಟಗಾರ ಗೌತಮಪುರದ, ಆಸ್ಟಿನ್ ಟೌನಿನ ಮೈದಾನದಲ್ಲಿ ಹುಡುಗರ ಜೊತೆ ಒಂದು ಗಂಟೆ ಕಳೆಯಬೇಕು ಎಂಬ ಷರತ್ತನ್ನು ಒಪ್ಪಂದದಲ್ಲೇ ಸೇರಿಸಬಹುದು. ಕ್ಲಬ್ಬಿಗೆ ಇದರಿಂದ ನಯಾಪೈಸೆ ನಷ್ಟವಿಲ್ಲ.

ಒಪ್ಪಂದದ ಮಾತು ಬಂದದ್ದರಿಂದ ಹೇಳುತ್ತೇನೆ. ಈ ಅಲೆಮಾರಿ ಆಟಗಾರರ ಬದುಕು ನಿಂತಿರುವುದು ಸಾಮಾನ್ಯವಾಗಿ ಒಂದು ವರ್ಷದ, ಹೆಚ್ಚೆಂದರೆ ಎರಡು ವರ್ಷದ ಕಾಗದದ ಮೇಲೆ. ಎರಡು ತಿಂಗಳ ಸಂಬಳ ಬಾಕಿ ಉಳಿದರೆ, ಲಿಖಿತ ನೋಟಿಸು ಕೊಟ್ಟು 15 ದಿನ ಕಾದ ನಂತರ ಒಪ್ಪಂದ ಮುರಿಯುವ ಹಕ್ಕನ್ನು ಫಿಫಾ 2018ರಿಂದ ಆಟಗಾರನಿಗೆ ಕೊಟ್ಟಿದೆ. ಹಕ್ಕೇನೋ ಸರಿ. ಋತುವಿನ ನಡುವೆ, ಪರದೇಶದಲ್ಲಿ, ವೀಸಾ ಕ್ಲಬ್ಬಿನ ಹೆಸರಿನಲ್ಲಿರುವಾಗ ಅದನ್ನು ಚಲಾಯಿಸುವುದು ಸುಲಭವಲ್ಲ. 2025ರ ಜುಲೈನಲ್ಲಿ ಒಕ್ಕೂಟ ಮತ್ತು ವಾಣಿಜ್ಯ ಪಾಲುದಾರರ ನಡುವಿನ ಹಕ್ಕುಗಳ ಒಪ್ಪಂದ ನವೀಕರಣವಾಗದೆ ಐಎಸ್ಎಲ್ ತಡೆಹಿಡಿಯಲ್ಪಟ್ಟಿತು. ಆಗಸ್ಟ್‌ನಲ್ಲಿ ಬೆಂಗಳೂರು ಎಫ್‌ಸಿ ತನ್ನ ಮೊದಲ ತಂಡದ ಆಟಗಾರರ, ಸಿಬ್ಬಂದಿಯ ಸಂಬಳವನ್ನು ಅನಿರ್ದಿಷ್ಟ ಕಾಲ ನಿಲ್ಲಿಸುವುದಾಗಿ ಪ್ರಕಟಿಸಿತು. ಚೆಟ್ರಿಯಂಥ ಹೆಸರಾಂತರು ಹೇಗೋ ನಿಭಾಯಿಸಿಯಾರು. ತಿಂಗಳ ಸಂಬಳವನ್ನು ಸಾಗರದಾಚೆಯ ಮನೆಗೆ ಕಳಿಸುವವನ ಗತಿ ಏನು, ಮೀಸಲು ಆಟಗಾರರಾಗಿ ಬೆಂಚಿನ ಮೇಲೆ ಕೂರುವ ನಮ್ಮದೇ ಹುಡುಗರ ಗತಿ ಏನು? ಆಟ ನಡೆಸುವವರ ಜಗಳದಲ್ಲಿ ಹೊಟ್ಟೆ ಮೇಲೆ ಹೊಡೆತ ಬಿದ್ದದ್ದು ಆಡುವವರಿಗೆ.

ಕರ್ನಾಟಕ ರಾಜ್ಯ ಫುಟ್‌ಬಾಲ್ ಸಂಸ್ಥೆಗೆ, ಕ್ಲಬ್ಬುಗಳಿಗೆ, ಕ್ರೀಡಾ ಇಲಾಖೆಗೆ ನನ್ನ ಬೇಡಿಕೆ ಎರಡೇ. ಮೊದಲನೆಯದು, ‘ಸಿ’ ಡಿವಿಷನ್ ಪಂದ್ಯವೇ ಇರಲಿ, ಶಾಲಾ ಮಕ್ಕಳ ಫೈನಲ್ಲೇ ಇರಲಿ, ಆಂಬುಲೆನ್ಸ್, ನಿಂತ ಹೃದಯಕ್ಕೆ ವಿದ್ಯುತ್ ಆಘಾತ ಕೊಡುವ ಯಂತ್ರ, ಅದನ್ನು ಬಳಸಲು ಬಲ್ಲ ಒಬ್ಬ ಮನುಷ್ಯ ಮೈದಾನದ ಪಕ್ಕದಲ್ಲಿ ಇಲ್ಲದಿದ್ದರೆ ರೆಫರಿ ಪಂದ್ಯ ಆರಂಭಿಸಬಾರದು ಎಂದು ನಿಯಮ ಬರೆಯಿರಿ, ಅದನ್ನು ಪಾಲಿಸಿ. ಎರಡನೆಯದು, ಕಂಠೀರವದ ಪ್ರವೇಶದ್ವಾರದಲ್ಲಿ ಕ್ರಿಸ್ಟಿಯಾನೊ ಜೂನಿಯರ್ ಮತ್ತು ಡಿ. ವೆಂಕಟೇಶ್ ಇಬ್ಬರ ಹೆಸರನ್ನೂ ಒಂದೇ ಕಲ್ಲಿನಲ್ಲಿ ಕನ್ನಡದಲ್ಲಿ ಕೆತ್ತಿಸಿ. ದುಡ್ಡು ಸಾಲದಿದ್ದರೆ ಶಿವಾಜಿನಗರ, ಹಲಸೂರು, ಆಸ್ಟಿನ್ ಟೌನ್‌ನ ಅಭಿಮಾನಿಗಳನ್ನು ಕೇಳಿ. ಪೆಲೆಗೆ ಪ್ರತಿಮೆ ನಿಲ್ಲಿಸಿದ ಜನ ಇದಕ್ಕೂ ಕೈ ಜೋಡಿಸುತ್ತಾರೆ.